ಎಡಗಡೆಯ ಕವಲು

ಅಣ್ಣ ಮತ್ತೆ ನಿಂತ. ಲಿಫ್ಟಿನಿಂದ ಸ್ಕ್ಯಾನ್ ಕೋಣೆಗೆ ನೂರಿಪ್ಪತ್ತು ಹೆಜ್ಜೆ, ಅಣ್ಣನ ಕುಂಡೆ ಅಷ್ಟು ದೂರಕ್ಕೆ ಒಪ್ಪುವುದಿಲ್ಲ, ತೊಂಬತ್ತಕ್ಕೋ ನೂರಕ್ಕೋ ಮುಷ್ಕರ ಹೂಡುತ್ತದೆ. ಹಾಗಂತ ನೋವಿಗೆ ನಿಂತೆ ಎಂದು ಒಪ್ಪಿಕೊಳ್ಳುವ ಆಸಾಮಿಯಲ್ಲ ಅವನು. ಓದುವುದಕ್ಕೆ ನಿಲ್ಲುತ್ತಾನೆ. ಈಗ ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆಗಳನ್ನು, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ಓದುತ್ತಿದ್ದ. ಅವನ ತಮ್ಮ, ಅಂದರೆ ಈ ಆಸ್ಪತ್ರೆಯ ರಕ್ತನಾಳಗಳ ಡಾಕ್ಟರ್, ತನ್ನ ಕೋಣೆಯ ಅರೆತೆರೆದ ಬಾಗಿಲಿನ ಹಿಂದೆ ಕಳ್ಳನ ಹಾಗೆ ನಿಂತು ಅದನ್ನು ನೋಡಿದ. ಮೂವತ್ತಾರು ವರ್ಷ ಅಂಚೆಚೀಲ ಹೊತ್ತು ಬೀದಿ ಬೀದಿ ಸುತ್ತಿದವನು ಅಣ್ಣ. ಅವರಿವರ ಒಂದು ಕಾಗದವನ್ನೂ ಓದದೆ ನೌಕರಿ ಮುಗಿಸಿ, ಈಗ ಕಂಡಕಂಡ ಬೋರ್ಡುಗಳನ್ನೆಲ್ಲ ಓದುತ್ತಾನೆ. ಮನೆಯಿಂದ ಹಾಲಿನ ಅಂಗಡಿಗೆ ಹೋಗುವುದರೊಳಗೆ ಅವನಿಗೆ ಮೂರು ನಿಲ್ದಾಣ: ಗಡಿಯಾರ ರಿಪೇರಿಯವನ ಗಾಜು, ಹಲ್ಲಿನ ಡಾಕ್ಟರ ಬೋರ್ಡು, ವಕೀಲರ ಗೇಟು. ವಕೀಲರು ಎರಡು ಸಲ ಹೊರಗೆ ಬಂದು, ‘ಏನಾದ್ರೂ ಕೇಸಿತ್ತಾ ಯಜಮಾನ್ರೇ?’ ಎಂದು ಕೇಳಿದರಂತೆ. ಅಣ್ಣ ಇದನ್ನು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ್ದ, ಡಾಕ್ಟರೂ ನಕ್ಕಿದ್ದ. ಕೇಸು ಇದ್ದದ್ದು ನಿಜ, ಯಾರ ಮೇಲೆ ಎಂಬುದು ನಕ್ಕವರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.

ಹದಿನಾಲ್ಕು ತಿಂಗಳ ಹಿಂದೆ ಅಣ್ಣನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಊದಿಕೊಂಡಿತ್ತು. ‘ಬೇರೆಯವರ ಕೈಗೆ ನನ್ನ ಹೊಟ್ಟೆ ಕೊಡಲ್ಲ, ನೀನೇ ಮಾಡು ಮರೀ’ ಎಂದು ಹಟ ಹಿಡಿದ. ಐವತ್ತೈದು ತುಂಬಿದ, ಅರ್ಧ ತಲೆ ಬೋಳಾದ ಮರಿ ಒಪ್ಪಿಕೊಂಡ. ಆ ನಾಳ ಹೊಕ್ಕುಳಿನ ಹತ್ತಿರ ಎರಡಾಗುತ್ತದೆ, ಎಡಕ್ಕೊಂದು ಬಲಕ್ಕೊಂದು. ಅವೆರಡೂ ತುಸು ಕೆಳಗೆ ಮತ್ತೆ ಕವಲಾಗುತ್ತವೆ. ಹೊರಗಿನ ಕವಲು ಕಾಲಿಗೆ ಹೋಗುತ್ತದೆ. ಒಳಗಿನದು ಸೊಂಟದೊಳಕ್ಕೆ ಇಳಿದು ಕುಂಡೆಗೆ, ಮೂತ್ರಕೋಶಕ್ಕೆ, ಕರುಳಿನ ಕೊನೆಗೆ, ಮತ್ತು ಗಂಡಸರು ಡಾಕ್ಟರ ಮುಂದೆ ಕೂಡ ‘ಅದು’ ಎಂದಷ್ಟೇ ಹೇಳಿ ಕಿಟಕಿ ನೋಡುವ ಅದಕ್ಕೆ, ರಕ್ತ ಒಯ್ಯುತ್ತದೆ. ಊದಿದ ನಾಳದೊಳಗೆ ತೊಡೆಸಂದಿಯಿಂದ ಬಟ್ಟೆಯ ಕೊಳವೆಯೊಂದನ್ನು ಮಡಿಸಿ ತಳ್ಳಿ, ಒಳಗೆ ಬಿಚ್ಚಿ ಕೂರಿಸಿದರೆ ಊತ ಒಡೆಯುವ ಭಯವಿಲ್ಲ. ಊತ ಕೆಳಗಿನ ಕವಲಿನವರೆಗೂ ಬಂದಿದ್ದರೆ ಮಾತ್ರ ತಲೆನೋವು. ಒಳಗಿನ ಕವಲಿನ ಬಾಯಿ ಮುಚ್ಚಿ ಕೊಳವೆಯನ್ನು ನೇರವಾಗಿ ಕಾಲಿನ ಕಡೆ ಬಿಟ್ಟರೆ ಇಪ್ಪತ್ತು ನಿಮಿಷದಲ್ಲಿ ಕೈ ತೊಳೆದುಕೊಳ್ಳಬಹುದು. ಉಳಿಸಬೇಕೆಂದರೆ ತೋಳಿರುವ ಕೊಳವೆ ಬೇಕು, ಆ ತೋಳಿನಿಂದ ಕೂದಲಿನಂಥ ತಂತಿಯೊಂದನ್ನು ಒಳಗಿನ ಕವಲಿಗೆ ದಾಟಿಸಬೇಕು, ದಾಟುವವರೆಗೆ ತಾಳ್ಮೆ ಬೇಕು. ಒಂದು ಕಡೆ ಮುಚ್ಚಿದರೆ ದೇಹ ಹೇಗೋ ಸುಧಾರಿಸಿಕೊಳ್ಳುತ್ತದೆ, ಎರಡೂ ಕಡೆ ಮುಚ್ಚಲೇಬಾರದು. ‘ಸೊಂಟಕ್ಕೂ ಹೊಟ್ಟೆಪಾಡಿದೆ ಕಣ್ರಯ್ಯಾ’ ಎಂದು ಈ ಡಾಕ್ಟರೇ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ಅಣ್ಣನಿಗೆ ಎರಡೂ ಕಡೆ ಮುಚ್ಚಿದ.

ಬಲಗಡೆಯದು ಹೇಗಿದ್ದರೂ ಹೋಗಬೇಕಿತ್ತು, ಅಷ್ಟು ಕೆಟ್ಟಿತ್ತು. ಎಡಗಡೆಯದನ್ನು ಉಳಿಸುವುದೆಂದು ಮೊದಲೇ ತೀರ್ಮಾನವಾಗಿತ್ತು, ತೋಳಿರುವ ಕೊಳವೆ ಕೂಡ ಒಳಗೆ ಇಳಿದಾಗಿತ್ತು. ತಂತಿ ಮಾತ್ರ ದಾಟಲೊಲ್ಲದು. ಕವಲಿನ ಬಾಯಿಗೆ ಹೋಗುತ್ತದೆ, ಮೂಸಿ ನೋಡುತ್ತದೆ, ಜಾರಿ ಕಾಲಿನ ಕಡೆಗೆ ಹೋಗುತ್ತದೆ. ಹೀಗೆ ನಲವತ್ತು ನಿಮಿಷ. ಆ ವೇಳೆಗೆ ಡಾಕ್ಟರಿಗೆ ಉಚ್ಚೆ ಬಂದಿತ್ತು. ಇಷ್ಟೇ ಕಥೆ, ಇದಕ್ಕಿಂತ ದೊಡ್ಡ ಪಾಪವೇನೂ ಇದರಲ್ಲಿಲ್ಲ. ಬೆಳಿಗ್ಗೆ ಎರಡು ಲೋಟ ಟೀ ಕುಡಿದಿದ್ದ, ಮೈಮೇಲೆ ಸೀಸದ ಏಪ್ರನ್ ಹೊತ್ತು ಮೂರು ಗಂಟೆ ನಿಂತಿದ್ದ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಹೋಗಿ ಬರುತ್ತೇನೆ ಎಂದಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಅಣ್ಣನ ತಲೆಯ ಹತ್ತಿರ ಅರಿವಳಿಕೆ ಡಾಕ್ಟರು ಕೂತಿದ್ದರು. ಸಕ್ಕರೆ ಕಾಯಿಲೆಯ ಆ ಬಡಪಾಯಿ ಒಂದೇ ಆಪರೇಷನ್ನಿನಲ್ಲಿ ಎರಡು ಸಲ ಹೊರಗೆ ಹೋಗಿಬಂದರೆಂದು ಅವರಿಗೆ ‘ನಲ್ಲಿ’ ಎಂದು ಹೆಸರಿಟ್ಟವನು ಇವನೇ. ವಾರದೊಳಗೆ ಗೇಟಿನ ಕಾವಲುಗಾರ ಕೂಡ ‘ನಲ್ಲಿ ಸಾಹೇಬ್ರು ಬಂದ್ರು’ ಎನ್ನತೊಡಗಿದ. ಮೇಜು ಬಿಟ್ಟು ಕದಲುವವನು ಡಾಕ್ಟರೇ ಅಲ್ಲ ಎಂದು ಭಾಷಣ ಬೇರೆ ಬಿಗಿದಿದ್ದ. ಈಗ ಅದೇ ನಲ್ಲಿಯ ಮುಂದೆ ಯಾವ ಮುಖ ಹೊತ್ತು ಕೇಳುವುದು? ಸಿಸ್ಟರ್, ‘ಸಾರ್, ತುದಿ ಬಾಗಿರೋ ತಂತಿ ಇನ್ನೊಂದಿದೆ, ತೆಗೀಲಾ?’ ಎಂದಳು. ‘ಬೇಡ, ಆಗಲ್ಲ ಇದು, ಮುಚ್ಚಿಬಿಡೋಣ’ ಎಂದ. ಮುಚ್ಚಿದ. ಹತ್ತು ನಿಮಿಷದ ಮೇಲೆ ಬಚ್ಚಲಲ್ಲಿ ಗೋಡೆಗೆ ಹಣೆ ಆನಿಸಿ ನಿಂತಾಗ ಆದ ಸುಖವನ್ನು ಅವನು ಇವತ್ತಿಗೂ ಮರೆತಿಲ್ಲ, ಮದುವೆಯ ದಿನ ಕೂಡ ಅಂಥ ಸುಖ ಆಗಿರಲಿಲ್ಲ. ವರದಿಯಲ್ಲಿ ‘ತಾಂತ್ರಿಕ ಕಾರಣಗಳಿಂದ ಸಾಧ್ಯವಾಗಲಿಲ್ಲ’ ಎಂದು ಬರೆದು ಸಹಿ ಹಾಕಿದ. ಮೂರು ವಾರದ ಮೇಲೆ ಅಣ್ಣ ಬಂದು, ‘ನಡೆದ್ರೆ ಹಿಂದುಗಡೆ ಹಿಡ್ಕೊಳ್ಳುತ್ತೆ ಮರೀ’ ಎಂದಾಗ, ‘ನಡೀತಾ ನಡೀತಾ ಸರಿಹೋಗುತ್ತೆ ಅಣ್ಣ, ಎಲ್ಲರಿಗೂ ಆಗೋದೇ’ ಎಂದ. ಅಣ್ಣ ನಂಬಿದ. ಮೂವತ್ತಾರು ವರ್ಷ ಲಕೋಟೆಯ ಮೇಲೆ ಬರೆದದ್ದನ್ನು ನಂಬಿಯೇ ನಡೆದವನು ಅವನು.

ಡಾಕ್ಟರ್ ತನ್ನ ಕೋಣೆಯಿಂದ ಹೊರಗೆ ಬಂದರೆ ಅಣ್ಣ ಓದು ಮುಗಿಸಿ, ಆಪರೇಷನ್ ಕೋಣೆಯ ಬಾಗಿಲಿಗೆ ಎದುರಾಗಿ ಕುರ್ಚಿಯ ಮೇಲೆ ತನ್ನ ಗಾಳಿ ತುಂಬುವ ದಿಂಬು ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಚಕ್ರದ ಮಂಚದ ಮೇಲೆ ಇವತ್ತಿನ ರೋಗಿ ಮಲಗಿದ್ದ, ಪ್ಯಾಂಟು ಹೊಲಿಯುವ ಟೈಲರು. ಅವನ ಹೆಂಡತಿ ಗಂಡನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಹತ್ತು ನಿಮಿಷದಲ್ಲಿ ಅಣ್ಣ ಅವರಿಬ್ಬರ ಊರು, ಕೇರಿ, ಮಕ್ಕಳ ಲೆಕ್ಕ ಎಲ್ಲ ತೆಗೆದಾಗಿತ್ತು.

‘ಬಂದ ನೋಡಿ ನನ್ನ ತಮ್ಮ,’ ಎಂದ ಅಣ್ಣ. ‘ಇವನ ಕೈಗುಣ ಹೇಳೋದೇ ಬೇಡ. ನಾನಿವತ್ತು ಹಿಂಗೆ ಕೂತಿದೀನಿ ಅಂದ್ರೆ ಇವನಿಂದ.’

ಹಾಗೆ ಕೂತದ್ದು ಗಾಳಿಯ ದಿಂಬಿನ ಮೇಲೆ. ಟೈಲರು ದಿಂಬನ್ನೂ ನೋಡಿದ, ಡಾಕ್ಟರನ್ನೂ ನೋಡಿದ.

‘ಸಾರ್, ತಪ್ಪು ತಿಳ್ಕೋಬೇಡಿ. ನಲವತ್ತು ವರ್ಷದಿಂದ ಜನರ ಸೀಟು ಅಳತೆ ತಗೊಂಡವನು ನಾನು. ಮುಖ ಮರೀತೀನಿ, ಸೀಟು ಮರೆಯಲ್ಲ. ನಿಮ್ಮಣ್ಣೋರು ನಡ್ಕೊಂಡು ಬರೋವಾಗ್ಲೇ ನೋಡಿದೆ. ಪ್ಯಾಂಟು ಹೊಲಿಗೆ ಚೆನ್ನಾಗಿದೆ, ಸೊಂಟಾನೂ ಸರಿ ಇದೆ, ಹಿಂದುಗಡೆ ಮಾತ್ರ ಜೋತು ಬಿದ್ದಿದೆ. ಮಾಂಸ ಕರಗಿದೆ ಸಾರ್ ಅಲ್ಲಿ. ಅದು ಈ ಆಪರೇಷನ್ ಆದ್ಮೇಲೆ ಎಲ್ಲರಿಗೂ ಆಗೋದೇ ಅಂತಾರೆ ಇವರು. ನಾನು ದಿನವೆಲ್ಲ ಮಷಿನ್ ಮುಂದೆ ಕೂರೋನು. ಹೌದಾ ಸಾರ್?’

‘ಕೂರೋದೊಂದೇ ಯಾಕೆ ಕೇಳ್ತೀರಾ, ಎಲ್ಲಾನೂ ಈಗ್ಲೇ ಕೇಳ್ಬಿಡಿ,’ ಎಂದಳು ಹೆಂಡತಿ, ಚಪ್ಪಲಿಗಳನ್ನು ಒಂದಕ್ಕೊಂದು ತಟ್ಟಿ ಧೂಳು ಕೊಡವುತ್ತ. ‘ಆಮೇಲೆ ನನ್ ಹತ್ರ ಗೊಣಗಿದ್ರೆ ನಾನು ಕೇಳಲ್ಲ.’

ಟೈಲರು ನಾಚಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. ಅಣ್ಣ ಗಟ್ಟಿಯಾಗಿ ನಕ್ಕ. ನಗುವಿನ ಕೊನೆಯಲ್ಲಿ ಒಂದು ಕ್ಷಣ ಅವನ ಮುಖ ಬೇರೆಯಾದದ್ದು ಡಾಕ್ಟರಿಗೆ ಕಂಡಿತು. ನೋಡೋಣ ಎನ್ನಬಹುದಿತ್ತು, ಎಲ್ಲ ಒಳ್ಳೆಯದಾಗುತ್ತದೆ ಎನ್ನಬಹುದಿತ್ತು, ಡಾಕ್ಟರುಗಳ ಬಾಯಲ್ಲಿ ಇಂಥ ಮಾತಿಗೆ ಬರವಿಲ್ಲ. ಅಣ್ಣನಿಗೆ ಹದಿನಾಲ್ಕು ತಿಂಗಳು ಇವನ್ನೇ ಬಡಿಸಿದ್ದ. ಆದರೆ ಈ ಟೈಲರು ಅಳತೆ ಟೇಪು ಹಿಡಿದವನ ಹಾಗೆ ನೆಟ್ಟ ಕಣ್ಣಿನಿಂದ ನೋಡುತ್ತಿದ್ದ, ಅವನಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

‘ಎಲ್ಲರಿಗೂ ಆಗಲ್ಲ,’ ಎಂದ. ‘ಸೊಂಟಕ್ಕೆ ಹೋಗೋ ರಕ್ತ ನಿಂತ್ರೆ ಮಾತ್ರ ಆಗುತ್ತೆ. ನಿಮಗೆ ಎರಡೂ ಕಡೆ ಉಳಿಸೋಕೆ ನೋಡ್ತೀನಿ.’

‘ಅಂದ್ರೆ?’ ಎಂದ ಅಣ್ಣ. ನಗುವಿನ ಚೂರು ಇನ್ನೂ ಮುಖದಲ್ಲಿತ್ತು. ‘ನನಗೆ?’

‘ನೀನು ಸ್ಕ್ಯಾನ್ ಮುಗಿಸ್ಕೊಂಡು ನನ್ ರೂಮಲ್ಲಿರು ಅಣ್ಣ. ಇವರದ್ದಾದ ಮೇಲೆ ಬರ್ತೀನಿ.’

ಅಣ್ಣ ಎದ್ದ. ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ, ನಡುವೆ ಒಂದು ಕಡೆ ನಿಂತ. ಅಲ್ಲಿ ಓದುವುದಕ್ಕೆ ಏನೂ ಇರಲಿಲ್ಲ, ಸುಣ್ಣ ಹೊಡೆದ ಬರೀ ಗೋಡೆ. ಅದರ ಮುಂದೆಯೇ ಅವನು ನೋವು ಇಳಿಯುವವರೆಗೆ ನಿಂತು ಆಮೇಲೆ ಮುಂದಕ್ಕೆ ಹೋದ.

ಟೈಲರನ ಬಲಗಡೆ ಸಲೀಸಾಗಿ ಮುಗಿಯಿತು. ಎಡಗಡೆ ತಂತಿ ಹಟ ಹಿಡಿಯಿತು. ಇದೇನು ದೇವರು ಹಿಡಿಸಿದ ಹಟವೇ ಎಂದು ಅನುಮಾನ ಪಡುವಷ್ಟು ಅವನು ಆಸ್ತಿಕನಲ್ಲ, ಎಡಗಡೆ ಕವಲುಗಳು ಹಾಗೆಯೇ, ಕೆಲವರಲ್ಲಿ ತಿರುಚಿಕೊಂಡಿರುತ್ತವೆ. ಪರದೆಯ ಮೇಲೆ ತಂತಿ ಬಾಯಿಯವರೆಗೆ ಹೋಗುತ್ತಿತ್ತು, ಜಾರುತ್ತಿತ್ತು. ಅಣ್ಣ ಈಗ ಕೋಣೆಯಲ್ಲಿ ಕೂತಿರುತ್ತಾನೆ, ಮೇಜಿನ ಮೇಲಿನ ಪೆನ್ನಿನ ಹೆಸರು ಓದುತ್ತಿರುತ್ತಾನೆ. ಏನಂತ ಹೇಳುವುದು? ನಾಳದ ಕೋನ ಕಡಿದಾಗಿತ್ತು ಎಂದರೆ ಸುಳ್ಳಲ್ಲ. ಎಕ್ಸ್‌ರೇ ಹೆಚ್ಚಾಗುತ್ತಿತ್ತು, ಬಣ್ಣದ ದ್ರಾವಣ ಕಿಡ್ನಿಗೆ ಒಳ್ಳೆಯದಲ್ಲ ಎಂದರೆ ಅದೂ ಸುಳ್ಳಲ್ಲ. ಸುಳ್ಳಲ್ಲದ ಮಾತುಗಳು ಎಷ್ಟು ಬೇಕಾದರೂ ಸಿಗುತ್ತವೆ. ಚಿಕ್ಕವನಿದ್ದಾಗ ಶಾಲೆಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡ ದಿನ ಅಣ್ಣ ತನ್ನ ಅಂಗಿ ಬಿಚ್ಚಿ ಅವನ ಸೊಂಟಕ್ಕೆ ಕಟ್ಟಿ, ತಾನು ಬರೀ ಬನೀನಿನಲ್ಲಿ, ಹುಡುಗಿಯರ ಸಾಲಿನ ಮುಂದೆ ಎದೆ ಸೆಟೆಸಿಕೊಂಡು, ಮನೆಗೆ ಕರೆದುಕೊಂಡು ಹೋಗಿದ್ದ. ಯಾರಿಗೂ ಹೇಳಲಿಲ್ಲ, ಅಮ್ಮನಿಗೂ. ‘ಸಾರ್, ಒಂದು ಗಂಟೆ ಆಯ್ತು’ ಎಂದಳು ಸಿಸ್ಟರ್, ಅದೇ ಸಿಸ್ಟರ್. ಮುಚ್ಚಿಬಿಡೋಣ ಎನ್ನುವ ಮಾತು ಬಾಯಿಯ ತುದಿಗೆ ಬಂದು ಕೂತಿತ್ತು. ಉಚ್ಚೆಯೂ ಬಂದಿತ್ತು.

‘ನಾನು ಬಚ್ಚಲಿಗೆ ಹೋಗಿ ಬರ್ತೀನಿ,’ ಎಂದ ಡಾಕ್ಟರ್.

ಯಾರಾದರೂ ಕಿಸಕ್ಕೆಂದರೆ ಚೆನ್ನಾಗಿತ್ತು ಎನಿಸಿತು. ರೋಗಿಯ ತಲೆಯ ಹತ್ತಿರದಿಂದ ನಲ್ಲಿ ಕತ್ತೆತ್ತಿ ನೋಡಿದರು. ಕುಟುಕಲು ಇದಕ್ಕಿಂತ ಒಳ್ಳೆಯ ಗಳಿಗೆ ಅವರ ಜನ್ಮದಲ್ಲಿ ಬರುವುದಿತ್ತೇ?

‘ಹೋಗ್ಬನ್ನಿ ಸಾರ್,’ ಎಂದರು ಅವರು ಸಹಜವಾಗಿ. ‘ಇವರೇನು ಎದ್ದು ಓಡಲ್ಲ. ನಾವಿದೀವಲ್ಲ.’

ಏಪ್ರನ್ ಬಿಚ್ಚಿ, ಹೋಗಿ, ಬಂದು, ಮತ್ತೆ ಕೈ ತೊಳೆದು ಹೊಸ ಗೌನು ಹಾಕಿಕೊಂಡು ಮೇಜಿಗೆ ಬರುವಷ್ಟರಲ್ಲಿ ಗೋಡೆಯ ಗಡಿಯಾರದಲ್ಲಿ ಏಳು ನಿಮಿಷ ಕಳೆದಿತ್ತು. ‘ತುದಿ ಬಾಗಿರೋದು ಕೊಡಿ’ ಎಂದ. ಸಿಸ್ಟರ್ ಮೊದಲೇ ಕೈಯಲ್ಲಿ ಹಿಡಿದಿದ್ದಳು. ಮತ್ತೆ ಅರ್ಧ ಗಂಟೆ ಹಿಡಿಯಿತು, ಮೂರು ಸಲ ಜಾರಿತು, ನಾಲ್ಕನೆಯ ಸಲ ಒಳಗೆ ಹೋಯಿತು, ಹೋದದ್ದು ಯಾರಿಗೂ ನಂಬಿಕೆ ಬರದಷ್ಟು ಸುಲಭವಾಗಿ. ಬಣ್ಣ ಬಿಟ್ಟು ನೋಡಿದರೆ ಟೈಲರನ ಸೊಂಟದ ಎರಡೂ ಕಡೆ ಕಪ್ಪು ಗೆರೆಗಳು ಬೇರು ಬಿಟ್ಟ ಹಾಗೆ ಹರಡಿಕೊಂಡವು. ಎಲ್ಲರೂ ಉಸಿರು ಬಿಟ್ಟರು, ಸಿಸ್ಟರ್ ನಕ್ಕಳು. ಡಾಕ್ಟರ್ ಮಾತ್ರ ಪರದೆಯಿಂದ ಕಣ್ಣು ತೆಗೆದು ಗಡಿಯಾರ ನೋಡಿದ. ಇವತ್ತು ಸೋತಿದ್ದರೆ ಚೆನ್ನಾಗಿತ್ತು, ಆಗ ಎಡಗಡೆ ಯಾರಿಗೂ ಆಗುವುದಿಲ್ಲ ಎಂದು ನಂಬಿಕೊಂಡು ನಿವೃತ್ತಿಯವರೆಗೆ ಕಾಲ ಹಾಕಬಹುದಿತ್ತು. ಏಳು ನಿಮಿಷ. ಅಣ್ಣನ ನಡಿಗೆಯ ಬೆಲೆ ಅಷ್ಟೇ ಆಗಿತ್ತು.

ಕೋಣೆಯಲ್ಲಿ ಅಣ್ಣ ಏನನ್ನೂ ಓದುತ್ತಿರಲಿಲ್ಲ. ಬಾಗಿಲನ್ನೇ ನೋಡುತ್ತ ಕೂತಿದ್ದ.

‘ಸ್ಕ್ಯಾನ್ ಚೆನ್ನಾಗಿದೆಯಂತೆ. ಊತ ಇಳಿದಿದೆಯಂತೆ,’ ಎಂದ. ‘ಆ ಟೈಲರ್‌ಗೆ?’

‘ಎರಡೂ ಕಡೆ ಉಳೀತು.’

‘ಒಳ್ಳೇದಾಯ್ತು. ಪಾಪ, ಕೂತು ಕೆಲಸ ಮಾಡೋನು.’

ಡಾಕ್ಟರ್ ಎದುರು ಕೂತು ಹೇಳಲು ಶುರು ಮಾಡಿದ. ನಾಳದ ಕೋನದಿಂದ ಶುರು ಮಾಡಿದ. ಕಾಗದ ತೆಗೆದು ಚಿತ್ರ ಬರೆದ, ಬಾಣ ಹಾಕಿದ, ಬಲಗಡೆ ಯಾಕೆ ಮುಚ್ಚಲೇಬೇಕಿತ್ತು ಎಂದು ಎರಡು ಸಲ ವಿವರಿಸಿದ. ಎಡಗಡೆಗೆ ಬರುವಾಗ ಪೆನ್ನು ನಿಂತಿತು.

‘ಪಾಠ ಬಿಡು ಮರೀ,’ ಎಂದ ಅಣ್ಣ. ‘ಆಗಿದ್ದು ಹೇಳು.’

‘ಉಚ್ಚೆ ಬಂದಿತ್ತು.’

‘ಯಾರಿಗೆ?’

‘ನನಗೆ. ತಡ್ಕೊಳ್ಳೋಕಾಗ್ಲಿಲ್ಲ, ಹೋಗಿ ಬರ್ತೀನಿ ಅನ್ನೋಕೆ ನಾಚಿಕೆ ಆಯ್ತು. ಅದಕ್ಕೆ ಮುಚ್ಚಿಬಿಟ್ಟೆ. ಹೋಗಿ ಬಂದಿದ್ರೆ ಸಿಗ್ತಿತ್ತೋ ಇಲ್ವೋ, ಆಣೆ ಮಾಡಿ ಹೇಳಲಾರೆ. ನಾನು ನೋಡ್ಲಿಲ್ಲ ಅಣ್ಣ. ಎಲ್ಲರಿಗೂ ಆಗುತ್ತೆ ಅಂತ ನಿನಗೆ ಹೇಳಿದ್ದು ಸುಳ್ಳು.’

ಅಣ್ಣ ಮೊದಲು ನಕ್ಕ. ಆ ನಗು ಅರ್ಧಕ್ಕೆ ನಿಂತು ಬಾಯಿ ತೆರೆದೇ ಉಳಿಯಿತು. ಕೈ ತಾನಾಗಿ ಹಿಂದಕ್ಕೆ ಹೋಗಿ ನೋಯುವ ಜಾಗವನ್ನು ಸವರಿತು. ಬೈಯಲಿ ಎಂದು ಡಾಕ್ಟರ್ ಕಾದ, ಕಪಾಳಕ್ಕೆ ಒಂದು ಬಿಟ್ಟರೂ ಆಗಬಹುದು ಎಂದು ಕಾದ. ಅಣ್ಣ ಕಿಟಕಿಯ ಕಡೆಗೆ ತಿರುಗಿದ.

‘ಅದೂ ಇದರಿಂದಾನಾ?’

ಯಾವುದು ಎಂದು ಕೇಳುವಷ್ಟು ನೀಚತನ ಅವನಲ್ಲಿ ಉಳಿದಿರಲಿಲ್ಲ. ‘ಹೌದು ಅಣ್ಣ.’

‘ವಯಸ್ಸಲ್ಲ?’

‘ವಯಸ್ಸೂ ಸ್ವಲ್ಪ ಇರಬಹುದು. ಮುಂಚೆ ಹೇಗಿತ್ತು?’

‘ಮುಂಚೆ ಚೆನ್ನಾಗೇ ಇತ್ತು,’ ಎಂದ ಅಣ್ಣ, ಅರವತ್ತನಾಲ್ಕರ ಜಂಬ ಒಂದು ಗಳಿಗೆ ಮುಖಕ್ಕೆ ಬಂದು ಹೋಯಿತು. ಆಮೇಲೆ ಕಿಟಕಿಗೇ ಹೇಳಿದ: ‘ನಿಮ್ಮತ್ತಿಗೆ ಒಂದು ವರ್ಷದಿಂದ ಹಿಂದಿನ ರೂಮಲ್ಲಿ ಮಲಗ್ತಾಳೆ. ನಾನು ಮುಟ್ಟೋದು ಬಿಟ್ಟೆ ಅಂತ. ಅವಳು ದಪ್ಪ ಆದ್ಲಂತೆ, ಮುದುಕಿ ಆದ್ಲಂತೆ, ಅದಕ್ಕೇ ನಾನು ಗೋಡೆ ಕಡೆ ತಿರುಗ್ತೀನಂತೆ. ಒಂದಿನ ಜಗಳ ಆಡಿದ್ಲು, ಆಮೇಲೆ ಅದೂ ಇಲ್ಲ. ನಾನೇನಂತ ಹೇಳ್ಲೋ? ಹೆದರಿಕೆ ಆಗ್ತಿತ್ತು, ನಾಚಿಕೆ ಆಗ್ತಿತ್ತು. ಸುಮ್ನಿದ್ದೆ.’

ಇದನ್ನು ಅವನು ಊಹಿಸಬೇಕಿತ್ತು. ಪುಸ್ತಕದಲ್ಲಿ ಅದೆಲ್ಲ ಇತ್ತು, ನೂರರಲ್ಲಿ ಎಷ್ಟು ಜನಕ್ಕೆ ಎಂಬ ಲೆಕ್ಕದ ಸಮೇತ. ಆ ಎಷ್ಟೋ ಜನರಿಗೆ ಹೆಂಡತಿಯರಿರುತ್ತಾರೆ ಎಂದು ಅದರಲ್ಲಿ ಬರೆದಿರಲಿಲ್ಲ, ಅವನ ತಲೆಗೂ ಹೊಳೆದಿರಲಿಲ್ಲ. ಇತ್ತೀಚೆಗೆ ತಾನು ಅಣ್ಣನ ಮನೆಗೆ ಹೋದಾಗಲೆಲ್ಲ ಅತ್ತಿಗೆ ಅಡುಗೆಮನೆಯಿಂದಲೇ ಮಾತಾಡಿಸಿ ಕಳಿಸುತ್ತಿದ್ದದ್ದು ನೆನಪಾಯಿತು.

ಅಣ್ಣ ಎದ್ದು ದಿಂಬಿನ ಗಾಳಿ ಬಿಟ್ಟು ಮಡಿಸಿದ. ‘ನಡಿ.’

‘ಎಲ್ಲಿಗೆ?’

‘ಮನೆಗೆ. ಇದನ್ನ ನಿಮ್ಮತ್ತಿಗೆಗೆ ನೀನೇ ಹೇಳು. ನಾನು ಹೇಳಿದ್ರೆ ನೆಪ ಅಂತಾಳೆ.’

‘ನಾನಾ? ಅತ್ತಿಗೆ ಹತ್ರ ಅದನ್ನ…’

‘ಮುಚ್ಚೋವಾಗ ನಾಚಿಕೆ ಆಗ್ಲಿಲ್ವಲ್ಲ,’ ಎಂದ ಅಣ್ಣ. ಬೈದದ್ದು ಅಷ್ಟೇ.

ಅತ್ತಿಗೆ ಒಣಗಿದ ಬಟ್ಟೆಗಳನ್ನು ಕುರ್ಚಿಯ ಮೇಲೆ ರಾಶಿ ಹಾಕಿಕೊಂಡು ಮಡಿಸುತ್ತಿದ್ದರು. ಹಗಲು ಹೊತ್ತಿನಲ್ಲಿ ಮೈದುನ ಬಂದದ್ದು ನೋಡಿ ಸ್ಕ್ಯಾನಿನಲ್ಲಿ ಏನೋ ಕೆಟ್ಟದ್ದಿದೆ ಎಂದುಕೊಂಡರು, ಕೈಯಲ್ಲಿದ್ದ ಅಂಗಿ ಹಾಗೆಯೇ ನಿಂತಿತು. ‘ಅದೇನೂ ಇಲ್ಲ ಅತ್ತಿಗೆ’ ಎಂದ. ಕೂರಲಿಲ್ಲ. ಸಾವಿರ ಜನರ ಸಭೆಯಲ್ಲಿ ಚೀಟಿ ಇಲ್ಲದೆ ಮಾತಾಡುವವನು, ಚೀಟಿ ಓದುವವನ ಹಾಗೆ, ‘ಶಸ್ತ್ರಕ್ರಿಯೆಯ ಪರಿಣಾಮವಾಗಿ ಅಣ್ಣನ ದಾಂಪತ್ಯ ಜೀವನದ…’ ಎಂದು ಶುರು ಮಾಡಿದ.

‘ಬಿಡಿಸಿ ಹೇಳಪ್ಪ,’ ಎಂದರು ಅತ್ತಿಗೆ.

ಬಿಡಿಸಿ ಹೇಳಿದ. ಉಚ್ಚೆಯಿಂದ ಹಿಡಿದು ಹೇಳಿದ, ಯಾವುದನ್ನೂ ಬಿಡಲಿಲ್ಲ. ನೆಲ ನೋಡುತ್ತಲೇ ಹೇಳಿದ. ‘ಅಣ್ಣನ ಮನಸ್ಸು ಬದಲಾಗಿದ್ದಲ್ಲ ಅತ್ತಿಗೆ. ನಿಮ್ಮಿಂದ ಆಗಿದ್ದೂ ಅಲ್ಲ. ನನ್ನಿಂದ ಆಗಿದ್ದು,’ ಎಂದು ಮುಗಿಸಿದ. ಅಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕ್ಯಾಲೆಂಡರನ್ನು ಓದುತ್ತಿದ್ದ.

ಅತ್ತಿಗೆ ಅಂಗಿಯನ್ನು ಮಡಿಸಿ ಇಟ್ಟರು. ಇನ್ನೊಂದು ತೆಗೆದುಕೊಂಡರು, ಅದನ್ನು ಮಡಿಸಲಿಲ್ಲ.

‘ರೀ, ನಿಮಗಿದು ಗೊತ್ತಿತ್ತಾ?’

‘ಇವತ್ತೇ ಗೊತ್ತಾಗಿದ್ದು.’

‘ಒಂದು ವರ್ಷ,’ ಎಂದರು ಅತ್ತಿಗೆ. ‘ಒಂದು ವರ್ಷ ನಾನು ಕನ್ನಡೀಲಿ ನನ್ನ ಮುಖ ನೋಡ್ಕೊಂಡು ಬೈಕೊಂಡಿದೀನಿ. ರಾತ್ರಿ ಹೊತ್ತು ಅನ್ನ ಬಿಟ್ಟಿದೀನಿ. ಕೂದಲಿಗೆ ಬಣ್ಣ ಹಚ್ಕೊಂಡಿದೀನಿ, ಮಕ್ಕಳು ನಕ್ಕಿದಾರೆ. ನೀವು ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?’ ಅಣ್ಣ ಕ್ಯಾಲೆಂಡರಿನಿಂದ ಕಣ್ಣು ತೆಗೆಯಲಿಲ್ಲ, ಅವನ ಹೆಗಲು ಮಾತ್ರ ಅಲುಗಿತು. ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು ಮೈದುನನ ಕಡೆಗೆ ತಿರುಗಿದರು. ‘ಇದಕ್ಕೇನಾದ್ರೂ ಔಷಧಿ ಇದೆಯಾ?’

‘ಮಾತ್ರೆ ಇದೆ ಅತ್ತಿಗೆ. ನೋಡಬಹುದು. ಆದ್ರೆ ಖಂಡಿತ ಅಂತ ಹೇಳೋಕಾಗಲ್ಲ.’

‘ಹೋಗ್ಲಿ ಬಿಡು, ಅದಾದ್ರೆ ಆಯ್ತು, ಇಲ್ದಿದ್ರೆ ಇಲ್ಲ. ನಾನು ಅದಕ್ಕೆ ಅತ್ತಿದ್ದಲ್ಲ.’ ಅತ್ತಿಗೆ ಹಿಂದಿನ ಕೋಣೆಯ ಕಡೆಗೆ ಕೈ ತೋರಿಸಿದರು. ‘ಅಲ್ಲಿ ನನ್ನ ಹಾಸಿಗೆ ಇದೆ. ಎತ್ಕೊಂಡ್ ಬಂದು ನಿಮ್ಮಣ್ಣನ ರೂಮಲ್ಲಿ ಹಾಕು.’

ಹತ್ತಿಯ ಹಾಸಿಗೆ, ಹೆಣಭಾರ. ಸುರುಳಿ ಸುತ್ತಲು ಬಾರದೆ ಹಾಗೆಯೇ ಅಪ್ಪಿಕೊಂಡ. ಮುಖ ಅದರಲ್ಲಿ ಹೂತು ಮುಂದೇನೂ ಕಾಣಲಿಲ್ಲ. ಅಣ್ಣನ ಕೋಣೆಯ ಬಾಗಿಲಿನಲ್ಲಿ ಅದು ಅಡ್ಡಡ್ಡ ಸಿಕ್ಕಿಕೊಂಡಿತು. ತಳ್ಳಿದ, ಬಾಗಿತು, ಒಳಗೆ ಹೋಗಲಿಲ್ಲ. ಬೆನ್ನಿನಲ್ಲಿ ಬೆವರು ಇಳಿಯಿತು, ಮೊಣಕೈ ಚೌಕಟ್ಟಿಗೆ ತರಚಿತು.

‘ಸ್ವಲ್ಪ ಓರೆ ಮಾಡೋ…’ ಎನ್ನುತ್ತ ಅಣ್ಣ ಒಂದು ಹೆಜ್ಜೆ ಮುಂದೆ ಬಂದ.

‘ನೀವು ಸುಮ್ನಿರಿ,’ ಎಂದರು ಅತ್ತಿಗೆ ಹಿಂದಿನಿಂದ. ‘ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಗೊಳ್ಲಿ ಅವನು.’